ಯಾರ್ಡಿನ ಪಕ್ಕದವರನ್ನು ಯಾರೂ ಕೇಳಲಿಲ್ಲ

ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ, ಆದ್ರೆ ಪೂರ್ತಿ ಓದಿ.

ನಮ್ಮ ಕೇರಿಯ ಹಿಂದೆ ಒಂದು ಯಾರ್ಡ್ ಇದೆ. ಜೆಸಿಬಿ, ಹಿಟಾಚಿ, ಟಿಪ್ಪರ್, ರೋಡ್ ರೋಲರ್, ಕಾಂಕ್ರೀಟ್ ಮಿಕ್ಸರ್ ಬಾಡಿಗೆಗೆ ಬಿಡೋ ಕಂಟ್ರಾಕ್ಟರೊಬ್ಬರದು. ಇಪ್ಪತ್ತು ವರ್ಷದ ಮೇಲಾಯ್ತು. ಆ ಜಾಗ ಮೊದಲು ಯಾರಿಗೆ ಮಂಜೂರಾಗಿತ್ತು, ಹೇಗೆ ಕೈ ಬದಲಾಯ್ತು ಅನ್ನೋದು ಬೇರೆ ಕಥೆ, ಅದನ್ನು ಇನ್ನೊಂದು ದಿನ ಬರೀತೀನಿ. ಈಗ ಅದು ಮಾರಾಟಕ್ಕಿದೆ. ಗೋಡೌನ್ ಕಟ್ಟೋಕೆ ದೊಡ್ಡ ಕಂಪನಿ ಬರ್ತಿದೆಯಂತೆ, ದುಡ್ಡು ಹೊರದೇಶದ್ದಂತೆ. ಅದಕ್ಕೇ ಕೊಳ್ಳೋರು ಮೊದಲು ಒಂದು ವರದಿ ಮಾಡಿಸಿದ್ದಾರೆ. ಅದರ ಹೆಸರು ‘ಫೇಸ್ ಒನ್ ಎನ್ವಿರಾನ್‌ಮೆಂಟಲ್ ಸೈಟ್ ಅಸೆಸ್‌ಮೆಂಟ್’. ಜಾಗದ ಪರಿಸರ ತಪಾಸಣೆ, ಮೊದಲ ಹಂತ ಅಂತ ಇಟ್ಕೊಳ್ಳಿ. ಅದರ ಪ್ರತಿ ನನ್ನ ಕೈಗೆ ಹೇಗೆ ಬಂತು ಅಂತ ಮಾತ್ರ ಕೇಳಬೇಡಿ.

ಮೂರು ರಾತ್ರಿ ಕೂತು ಓದಿದೆ. ನಾನು ಬಿ.ಎ. ಮಾಡಿದ ಗುಮಾಸ್ತ, ವಿಜ್ಞಾನಿ ಅಲ್ಲ. ಆದ್ರೆ ದಿನವಿಡೀ ಕಡತ ನೋಡೋನಿಗೆ ಯಾವ ಪುಟದಲ್ಲಿ ಏನು ಬಿಟ್ಟಿದ್ದಾರೆ ಅನ್ನೋದು ಬೇಗ ಕಣ್ಣಿಗೆ ಬೀಳುತ್ತೆ. ವರದಿಯಲ್ಲಿ ಡೀಸೆಲ್ ಟ್ಯಾಂಕಿನ ಫೋಟೋ ಇದೆ. ಆಯಿಲ್ ಡ್ರಮ್ಮುಗಳ ಫೋಟೋ ಇದೆ. ನೆಲದ ಮೇಲೆ ಅಲ್ಲಲ್ಲಿ ಎಣ್ಣೆ ಕಲೆ ಕಂಡಿದೆ, ಅದು ಕ್ಷುಲ್ಲಕ ಅಂತ ಬರೆದಿದ್ದಾರೆ. ಮಾತಾಡಿಸಿದ್ದು ಯಾರನ್ನ? ಮಾಲೀಕರನ್ನ, ಯಾರ್ಡ್ ಮ್ಯಾನೇಜರನ್ನ. ನಮ್ಮ ಬಗ್ಗೆ ಇರೋದು ಅರ್ಧ ಸಾಲು: ‘ಪಶ್ಚಿಮಕ್ಕೆ ವಸತಿ ಪ್ರದೇಶ.’

ನಮ್ಮ ದೊಡ್ಡಮ್ಮ ಎಷ್ಟೋ ವರ್ಷದಿಂದ ಒಂದೇ ಮಾತು ಹೇಳ್ತಾ ಬಂದಿದ್ದಾರೆ. ಯಾರ್ಡ್ ಶುರುವಾದ ಹೊಸದರಲ್ಲಿ ಹೊಂಗೆ ಮರದ ಹತ್ತಿರ ಗುಂಡಿ ತೆಗೆದು ಒಂದು ಟ್ಯಾಂಕ್ ಹೂತಿದ್ರು, ಆಮೇಲೆ ಒಂದು ರಾತ್ರಿ ಅದರ ಮೇಲೆ ಮಣ್ಣು ಎಳೆದು ರೋಲರ್ ಓಡಿಸಿದ್ರು ಅಂತ. ಆ ಹೊಂಗೆ ಮರ ಒಣಗಿ ಹೋಯ್ತು. ನಮ್ಮ ಹುಡುಗರು ಅಲ್ಲಿ ಕ್ಲೀನರ್ ಆಗಿ ಗಾಡಿ ತೊಳೆದವರು, ಇಂಜಿನ್ ಆಯಿಲ್ ಬದಲಾಯಿಸಿದವರು. ಆ ಕರಿ ಆಯಿಲನ್ನೇ ಕ್ಯಾನಿನಲ್ಲಿ ತಂದು ಗೆದ್ದಲು ಹಿಡೀಬಾರದು ಅಂತ ಮನೆ ಬಾಗಿಲಿಗೆ, ಜಂತೆಗೆ ಬಳಿದಿದ್ದೀವಿ. ಸೆಂಟ್ರಿಂಗ್ ಶೀಟಿಗೆ ಹಚ್ಚಿದ್ದೀವಿ. ಗಾಡಿ ತೊಳೆದ ನೀರು ಯಾವ ಕಡೆ ಹರಿದು ಎಲ್ಲಿ ಇಂಗುತ್ತೆ ಅನ್ನೋದು ಕೇರಿಯ ಚಿಕ್ಕ ಮಗೂಗೂ ಗೊತ್ತು. ಇದು ಯಾವುದೂ ವರದಿಯಲ್ಲಿಲ್ಲ. ಯಾಕಂದ್ರೆ ಯಾರೂ ಕೇಳಲಿಲ್ಲ.

ಹಾಗಾದ್ರೆ ಈ ವರದಿಯ ನಮೂನೆ ಮಾಡಿದವರು ಯಾರು, ಯಾತಕ್ಕೆ ಮಾಡಿದ್ರು ಅಂತ ಹುಡುಕ್ತಾ ಹೋದೆ. ಹುಡುಕಿದ್ರೆ ಅದು ಅಮೆರಿಕದ್ದು. ಅದರ ಹಿಂದಿನ ಚರಿತ್ರೆ ಓದಿ ದಂಗಾಗಿಬಿಟ್ಟೆ.

ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ಊರಲ್ಲಿ ಲವ್ ಕೆನಾಲ್ ಅಂತ ಒಂದು ಜಾಗ. ಹತ್ತೊಂಬತ್ತನೇ ಶತಮಾನದ ಕೊನೆಗೆ ಯಾರೋ ಕಾಲುವೆ ತೋಡೋಕೆ ಹೋಗಿ ಅರ್ಧಕ್ಕೇ ಬಿಟ್ಟ ಹಳ್ಳ. 1942ರಿಂದ ಸುಮಾರು ಹತ್ತು ವರ್ಷ ಹೂಕರ್ ಅನ್ನೋ ಕೆಮಿಕಲ್ ಕಂಪನಿ ಅದರೊಳಗೆ 20 ಸಾವಿರ ಟನ್ನಿಗೂ ಹೆಚ್ಚು ರಾಸಾಯನಿಕ ಕಸ ತುಂಬಿ ಮಣ್ಣು ಮುಚ್ಚಿತು. 1953ರಲ್ಲಿ ಆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಕೊಟ್ಟಿತು, ಒಂದೇ ಒಂದು ಡಾಲರಿಗೆ. ಕ್ರಯಪತ್ರದಲ್ಲಿ ಒಂದು ಷರತ್ತು ಸೇರಿಸಿತು: ಒಳಗೆ ರಾಸಾಯನಿಕ ಇದೆ, ಮುಂದೆ ಯಾರಿಗೆ ಏನಾದ್ರೂ ನಾವು ಹೊಣೆ ಅಲ್ಲ ಅಂತ. ಆ ಜಾಗದಲ್ಲಿ ಶಾಲೆ ಬಂತು. ಸುತ್ತ ಮನೆಗಳು ಬಂದವು. 1970ರ ದಶಕದಲ್ಲಿ ಮಳೆ, ಹಿಮ ಜಾಸ್ತಿಯಾದಾಗ ಕಸ ಮೇಲಕ್ಕೆ ಬಂತು, ಮನೆಗಳ ನೆಲಮಾಳಿಗೆಗೆ ನುಗ್ಗಿತು. ಲೋಯಿಸ್ ಗಿಬ್ಸ್ ಅನ್ನೋ ಗೃಹಿಣಿ ಮನೆಮನೆಗೆ ಹೋಗಿ ಯಾರ ಮನೇಲಿ ಯಾರಿಗೆ ಏನು ಕಾಯಿಲೆ ಅಂತ ಬರೆದುಕೊಂಡು ಹೋರಾಟ ಕಟ್ಟಿದರು. 1978ರ ಆಗಸ್ಟ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯ್ತು.

ಇಷ್ಟು ಕಥೆ ಪರಿಸರದ ಪಾಠದಲ್ಲೆಲ್ಲ ಬರುತ್ತೆ. ಪಾಠದಲ್ಲಿ ಅಷ್ಟಾಗಿ ಬಾರದ್ದು ಗ್ರಿಫನ್ ಮ್ಯಾನರ್. ಅದೇ ಕಾಲುವೆಯ ಪಕ್ಕ ಇದ್ದ ಸರ್ಕಾರಿ ಬಾಡಿಗೆ ಮನೆಗಳ ಕಾಲೊನಿ. ಅಲ್ಲಿದ್ದವರಲ್ಲಿ ಹೆಚ್ಚಿನವರು ಕರಿಯರು. ಪರಿಹಾರದ ಮಾತು ಬಂದಾಗಲೆಲ್ಲ ಅದು ‘ಮನೆಯ ಮಾಲೀಕರ’ ಮಾತಾಗ್ತಿತ್ತು. ಸರ್ಕಾರ ಮನೆ ಕೊಂಡುಕೊಳ್ಳುತ್ತೆ ಅಂದ್ರೆ ಮನೆ ನಿಮ್ಮ ಹೆಸರಲ್ಲಿ ಇರಬೇಕಲ್ಲ? ಬಾಡಿಗೆಯವರ ಹತ್ತಿರ ಮಾರೋಕೆ ಏನಿದೆ? ಎಲೀನ್ ಥಾರ್ನ್‌ಟನ್ ಅನ್ನೋ ಕಪ್ಪು ಮಹಿಳೆ ಬಾಡಿಗೆದಾರರದ್ದೇ ಬೇರೆ ಸಂಘ ಕಟ್ಟಿ, ‘ಅದೇ ಗಾಳಿ ನಾವೂ ಕುಡೀತಿದ್ದೀವಿ’ ಅನ್ನೋದನ್ನು ಕೇಳಿಸೋಕೆ ಹೆಣಗಬೇಕಾಯ್ತು. ಹಕ್ಕುಪತ್ರ ಇಲ್ಲದ ನಮ್ಮ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲವ್ ಕೆನಾಲಿನ ಗಲಾಟೆಯಿಂದಲೇ 1980ರ ಡಿಸೆಂಬರ್‌ನಲ್ಲಿ ‘ಸೂಪರ್‌ಫಂಡ್’ ಅಂತ ಕರೆಯೋ ಕಾನೂನು ಬಂತು. ಅದರ ಹಲ್ಲು ಬಹಳ ಗಟ್ಟಿ. ಜಾಗ ಕೆಡಿಸಿದವನು ಯಾರೇ ಆಗಿರಲಿ, ಇವತ್ತು ಆ ಜಾಗದ ಮಾಲೀಕ ಯಾರೋ ಅವನಿಂದಲೂ ಶುದ್ಧಿಯ ಖರ್ಚು ವಸೂಲಿ ಮಾಡಬಹುದು. ‘ನಾನು ಮಾಡಿದ್ದಲ್ಲ’ ಅಂದ್ರೆ ನಡೆಯಲ್ಲ. ರಿಯಲ್ ಎಸ್ಟೇಟಿನವರಿಗೆ, ಸಾಲ ಕೊಡೋ ಬ್ಯಾಂಕುಗಳಿಗೆ ಚಳಿ ಹಿಡೀತು. ಅದಕ್ಕೇ 1986ರ ತಿದ್ದುಪಡಿಯಲ್ಲಿ ಒಂದು ಬಾಗಿಲು ತೆರೆದರು. ಕೊಳ್ಳೋ ಮೊದಲು ಆ ಜಾಗದ ಹಿಂದಿನ ಬಳಕೆಯನ್ನು ಸರಿಯಾಗಿ ವಿಚಾರಿಸಿ, ಆದ್ರೂ ಗೊತ್ತಾಗಲಿಲ್ಲ ಅಂತ ತೋರಿಸಿದ್ರೆ ನೀನು ‘ನಿರಪರಾಧಿ ಮಾಲೀಕ’. ಸರಿಯಾಗಿ ವಿಚಾರಿಸೋದು ಅಂದ್ರೆ ಎಷ್ಟು? ಅದಕ್ಕೆ 1993ರಲ್ಲಿ ಎಎಸ್‌ಟಿಎಂ ಅನ್ನೋ ಮಾನಕ ಸಂಸ್ಥೆ ಒಂದು ನಮೂನೆ ಕೊಟ್ಟಿತು. 2002ರಲ್ಲಿ ಇನ್ನೊಂದು ತಿದ್ದುಪಡಿ, ಅದರಡಿ ಸರ್ಕಾರ ಮಾಡಿದ ನಿಯಮ 2006ರ ನವೆಂಬರ್‌ನಿಂದ ಜಾರಿ. ನಮ್ಮ ಕೇರಿಯ ಹಿಂದಿನ ಯಾರ್ಡಿಗೆ ಬಂದ ವರದಿ ಇದೇ ವಂಶದ್ದು.

ಅಂದ್ರೆ ಅರ್ಥ ಆಯ್ತಲ್ಲ? ಲವ್ ಕೆನಾಲಿನ ತಾಯಂದಿರು ಬೀದಿಗಿಳಿದಿದ್ದು ಮಕ್ಕಳಿಗಾಗಿ. ಅವರ ಹೋರಾಟದಿಂದ ಹುಟ್ಟಿದ ಈ ಕಾಗದ ಕಾಯೋದು ಕೊಳ್ಳೋನ ದುಡ್ಡನ್ನ.

ಈ ತಪಾಸಣೆಯೇ ಸುಳ್ಳು ಅಂತ ನಾನು ಹೇಳ್ತಿಲ್ಲ. ಒಳ್ಳೆಯವರ ಕೈಲಿ ಅದು ಬಹಳ ಚೂಪಾದ ಸಾಧನ. ಒಂದು ಯಾರ್ಡಿಗೆ ಬಂದ ತಪಾಸಣೆಯವನು ಏನೇನು ನೋಡಬೇಕು ಅಂತ ಕೇಳಿ. ಡೀಸೆಲ್ ಎಲ್ಲಿ ತುಂಬಿಸ್ತಾರೆ. ನೆಲದಿಂದ ಸುಮ್ಮನೆ ಒಂದು ಪೈಪು ಮೇಲಕ್ಕೆ ಎದ್ದಿದೆಯಾ. ಎದ್ದಿದ್ರೆ ಕೆಳಗೆ ಹೂತ ಟ್ಯಾಂಕ್ ಇರಬಹುದು, ಅದು ಅದರ ಗಾಳಿಕೊಳವೆ. ಗಾಡಿ ತೊಳೆಯೋ ಜಾಗದ ನೀರು ಯಾವ ಗುಂಡಿಗೆ ಹೋಗುತ್ತೆ. ಬಿಡಿಭಾಗ ತೊಳೆಯೋಕೆ ಯಾವ ಸಾಲ್ವೆಂಟ್. ಹಳೇ ಬ್ಯಾಟರಿ ಎಲ್ಲಿ ಪೇರಿಸಿದ್ದಾರೆ. ಎಲ್ಲಿ ಹುಲ್ಲು ಬೆಳೆದಿಲ್ಲ, ಯಾವ ಮರ ಒಣಗಿದೆ. ಡೀಸೆಲ್ ಇಳಿದ್ರೆ ಅಂತರ್ಜಲದ ಮೇಲೆ ತೇಲುತ್ತೆ. ಕ್ಲೋರಿನ್ ಇರೋ ಸಾಲ್ವೆಂಟ್ ಆದ್ರೆ ನೀರಿಗಿಂತ ಭಾರ, ಇನ್ನೂ ಕೆಳಕ್ಕೆ ಮುಳುಗುತ್ತೆ, ಹುಡುಕೋದೇ ಕಷ್ಟ. ಆದ್ರೆ ಮೊದಲ ಹಂತದಲ್ಲಿ ಒಂದು ಚಮಚ ಮಣ್ಣನ್ನೂ ತೆಗೆಯಲ್ಲ, ಒಂದು ಬಾಟಲಿ ನೀರನ್ನೂ ಲ್ಯಾಬಿಗೆ ಕಳಿಸಲ್ಲ. ಬರೀ ದಾಖಲೆ, ಸ್ಥಳ ವೀಕ್ಷಣೆ, ಸಂದರ್ಶನ. ಅನುಮಾನ ಇದೆ ಅಂತ ಬರೆದ್ರೆ ಮಾತ್ರ ಎರಡನೇ ಹಂತ, ಆಗ ರಂಧ್ರ ಕೊರೆದು ಮಣ್ಣು ನೀರು ಪರೀಕ್ಷೆ. ‘ಕ್ಷುಲ್ಲಕ’ ಅಂತ ಬರೆದ್ರೆ ಅಲ್ಲಿಗೇ ಮುಗೀತು.

ದಾಖಲೆ ಹುಡುಕೋ ಬಗೆಯೂ ಚೆನ್ನಾಗಿದೆ. ಹಳೇ ವೈಮಾನಿಕ ಫೋಟೋ, ಕ್ರಯಪತ್ರಗಳ ಸರಣಿ, ಹಳೇ ವಿಳಾಸ ಪುಸ್ತಕ. ಎಲ್ಲಕ್ಕಿಂತ ಹೆಚ್ಚಾಗಿ ಸ್ಯಾನ್‌ಬಾರ್ನ್ ನಕ್ಷೆಗಳು. 1867ರಿಂದ ಬೆಂಕಿ ವಿಮೆ ಕಂಪನಿಗಳಿಗಾಗಿ ಬರೆದ ನಕ್ಷೆಗಳವು. ಯಾವ ಕಟ್ಟಡ ಇಟ್ಟಿಗೆಯದು, ಯಾವುದು ಮರದ್ದು, ಎಣ್ಣೆ ಟ್ಯಾಂಕ್ ಎಲ್ಲಿದೆ, ಎಲ್ಲ ಅದರಲ್ಲಿದೆ. ದಕ್ಷಿಣದ ರಾಜ್ಯಗಳ ಎಷ್ಟೋ ಊರುಗಳ ನಕ್ಷೆಯಲ್ಲಿ ಮನೆಗಳ ಮೇಲೆ ‘ನೀಗ್ರೋ’ ಅಂತಲೂ ಬರೆದಿದ್ದಾರೆ. ಬೆಂಕಿಗೂ ಮನುಷ್ಯರ ಬಣ್ಣಕ್ಕೂ ಏನು ಸಂಬಂಧ? ಆದ್ರೂ ನಕ್ಷೆಯವನಿಗೆ ಅದು ಗುರುತು ಹಾಕಬೇಕಾದ ವಿಷಯ. ನಮ್ಮಲ್ಲಿ ಊರ ನಕ್ಷೆ ಬೇಕೇ ಬೇಕಂತಿಲ್ಲ, ಊರು ಎಲ್ಲಿ ಮುಗಿದು ಕೇರಿ ಎಲ್ಲಿ ಶುರು ಅಂತ ಎಲ್ಲರ ಕಾಲಿಗೂ ಗೊತ್ತು. ನಮ್ಮ ದಾಖಲೆ ಪಹಣಿ. ಯಾರ್ಡ್ ಬಂದು ಎಷ್ಟೋ ವರ್ಷ ಆದ ಮೇಲೂ ಪಹಣಿಯ ಬೆಳೆ ಕಾಲಂನಲ್ಲಿ ‘ರಾಗಿ’ ಅಂತಲೇ ಇತ್ತು. ಡೀಸೆಲ್ ಟ್ಯಾಂಕಿಗೆ ಪಹಣಿಯಲ್ಲಿ ಕಾಲಂ ಇಲ್ಲವಲ್ಲ.

ಇಲ್ಲಿ ಇನ್ನೊಂದು ತಮಾಷೆ. ಸೂಪರ್‌ಫಂಡ್ ಕಾನೂನಿನ ‘ಅಪಾಯಕಾರಿ ವಸ್ತು’ ಅನ್ನೋ ವ್ಯಾಖ್ಯೆಯಿಂದ ಪೆಟ್ರೋಲಿಯಂ ಹೊರಗೆ. ಕಚ್ಚಾ ತೈಲ, ಡೀಸೆಲ್, ಪೆಟ್ರೋಲ್ ಸೋರಿದ್ರೆ ಆ ಕಾನೂನು ಮುಟ್ಟಲ್ಲ. ನೆಲದೊಳಗಿನ ತೈಲ ಟ್ಯಾಂಕುಗಳಿಗೆ ಅಂತ 1984ರಲ್ಲಿ ಬೇರೆ ಕಾನೂನು ತರಬೇಕಾಯ್ತು. ತಪಾಸಣೆಯ ನಮೂನೆಯಲ್ಲಿ ಮಾತ್ರ ಪೆಟ್ರೋಲಿಯಂ ಸೇರಿಸಿದ್ದಾರೆ. ಯಾಕೆ ಹೇಳಿ? ಕೊಳ್ಳೋರಿಗೆ ಅದೂ ಬೇಕಲ್ಲ.

ಈಗ ಬಂಧುಗಳೇ, ಇನ್ನೊಂದು ಯಾರ್ಡಿನ ಕಥೆ. ಉತ್ತರ ಕ್ಯಾರೊಲಿನಾ ರಾಜ್ಯದ ರಾಲಿ ನಗರದಲ್ಲಿ ವಾರ್ಡ್ ಟ್ರಾನ್ಸ್‌ಫಾರ್ಮರ್ ಅನ್ನೋ ಕಂಪನಿಯ ಯಾರ್ಡ್. ಹಳೇ ವಿದ್ಯುತ್ ಟ್ರಾನ್ಸ್‌ಫಾರ್ಮರ್ ತಂದು ಬಿಚ್ಚಿ ರಿಪೇರಿ ಮಾಡಿ ಮಾರೋದು. ಅದರೊಳಗಿನ ಎಣ್ಣೆಯಲ್ಲಿ ಪಿಸಿಬಿ ಅನ್ನೋ ವಿಷ ಇರುತ್ತಿತ್ತು. ಪಿಸಿಬಿಯನ್ನು ಕಾನೂನು ಬಿಗಿ ಮಾಡಿದ ಮೇಲೆ ಅದನ್ನು ಸರಿಯಾಗಿ ವಿಲೇವಾರಿ ಮಾಡೋದು ದುಬಾರಿಯಾಯ್ತು. ಏನು ಮಾಡಿದ್ರು? 1978ರ ಬೇಸಿಗೆಯಲ್ಲಿ, ಅದೇ ಲವ್ ಕೆನಾಲಿನ ಬೇಸಿಗೆ, ಟ್ಯಾಂಕರಿಗೆ ಸುಮಾರು 31 ಸಾವಿರ ಗ್ಯಾಲನ್ ಎಣ್ಣೆ ತುಂಬಿ, ರಾತ್ರಿ ಹೊತ್ತು ರಸ್ತೆ ಅಂಚಿನುದ್ದಕ್ಕೂ ನಲ್ಲಿ ಬಿಟ್ಕೊಂಡು ಹೋದ್ರು. ಇನ್ನೂರು ಮೈಲಿಗೂ ಹೆಚ್ಚು. ಹದಿನಾಲ್ಕು ಕೌಂಟಿಗಳ ರಸ್ತೆ ಬದಿ.

ಮಾಡಿದವರು ಸಿಕ್ಕಿಬಿದ್ರು, ಶಿಕ್ಷೆಯೂ ಆಯ್ತು. ಆದ್ರೆ ಕೆರೆದು ತೆಗೆದ ವಿಷದ ಮಣ್ಣನ್ನು ಎಲ್ಲಿ ಹೂಳೋದು? ಸರ್ಕಾರ ಆರಿಸಿದ್ದು ವಾರನ್ ಕೌಂಟಿಯ ಆಫ್ಟನ್ ಅನ್ನೋ ಹಳ್ಳಿ. ಕರಿಯರೇ ಹೆಚ್ಚಿದ್ದ, ರಾಜ್ಯದ ಅತಿ ಬಡ ಕೌಂಟಿಗಳಲ್ಲಿ ಒಂದು. ಅಲ್ಲಿ ಅಂತರ್ಜಲ ಬಹಳ ಮೇಲೆ, ಜನ ಕುಡೀತಿದ್ದದ್ದು ಬಾವಿ ನೀರು. ಹಳ್ಳಿಯವರು ನಾಲ್ಕು ವರ್ಷ ಅರ್ಜಿ ಕೊಟ್ಟರು, ಕೋರ್ಟಿಗೆ ಹೋದರು, ಸೋತರು. 1982ರ ಸೆಪ್ಟೆಂಬರ್‌ನಲ್ಲಿ ಮಣ್ಣಿನ ಟ್ರಕ್ಕುಗಳು ಹೊರಟವು. ಜನ ಚರ್ಚಿನಲ್ಲಿ ಸೇರಿ, ಮೆರವಣಿಗೆಯಲ್ಲಿ ನಡೆದು ಬಂದು, ಟ್ರಕ್ಕಿನ ಮುಂದೆ ರಸ್ತೆ ಮೇಲೆ ಮಲಗಿದರು. ಡಾಲಿ ಬರ್ವೆಲ್ ಅನ್ನೋ ಮಹಿಳೆ ಮುಂದಿನ ಸಾಲಲ್ಲಿದ್ದರು. ಸುಮಾರು ಆರು ವಾರದಲ್ಲಿ 500ಕ್ಕೂ ಹೆಚ್ಚು ಬಂಧನ. ಅಮೆರಿಕ ಸಂಸತ್ತಿನ ಸದಸ್ಯ ವಾಲ್ಟರ್ ಫಾಂಟ್ರಾಯ್ ಕೂಡ ಅರೆಸ್ಟ್ ಆದರು. ಆದ್ರೂ ಮಣ್ಣು ಬಂದೇ ಬಂತು. ಸುಮಾರು ಏಳು ಸಾವಿರ ಲೋಡ್.

ಸೋತರು ಅಂತ ಬರೆದೆ. ಆದ್ರೆ ಆ ರಸ್ತೆಯಿಂದಲೇ ಒಂದು ಚಳವಳಿ ಎದ್ದಿತು. ಫಾಂಟ್ರಾಯ್ ಕೇಳಿಕೊಂಡ ಮೇಲೆ ಸರ್ಕಾರಿ ಲೆಕ್ಕಪತ್ರ ಸಂಸ್ಥೆಯೊಂದು ಆಗ್ನೇಯ ರಾಜ್ಯಗಳಲ್ಲಿ ಲೆಕ್ಕ ಹಾಕಿತು. ನಾಲ್ಕು ದೊಡ್ಡ ವಿಷಕಸದ ಗುಂಡಿಗಳಲ್ಲಿ ಮೂರು ಕರಿಯರ ಊರಲ್ಲಿ. ಅದು 1983. 1987ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಜನಾಂಗೀಯ ನ್ಯಾಯ ಆಯೋಗ ಇಡೀ ದೇಶದ ಲೆಕ್ಕ ಹಾಕಿತು. ವಿಷದ ಗುಂಡಿ ಎಲ್ಲಿರುತ್ತೆ ಅನ್ನೋದನ್ನು ತೋರಿಸೋದರಲ್ಲಿ ಬಡತನಕ್ಕಿಂತ ಬಲವಾದ ಗುರುತು ಜನರ ಬಣ್ಣ ಅಂತ ಹೇಳಿತು. ಈ ಮಾತನ್ನು ಬಿಡಿಸಿ ಓದಿ. ‘ಬಡವರಿದ್ದಲ್ಲಿ ಜಾಗ ಅಗ್ಗ, ಅದಕ್ಕೆ ಅಲ್ಲಿ ಬಂತು, ಇದರಲ್ಲಿ ಜಾತಿ ಎಲ್ಲಿದೆ?’ ಅಂತ ನಮ್ಮನ್ನು ಕೇಳೋರಿಗೆ ಉತ್ತರ ಅಲ್ಲಿದೆ. ಆಗ ಚಾಲ್ತಿಗೆ ಬಂದ ಪದ ‘ಪರಿಸರ ವರ್ಣಭೇದ’. 1994ರಲ್ಲಿ ಅಧ್ಯಕ್ಷ ಕ್ಲಿಂಟನ್ ಪರಿಸರ ನ್ಯಾಯದ ಆದೇಶ ಹೊರಡಿಸಿದರು. 2025ರ ಜನವರಿಯಲ್ಲಿ ಟ್ರಂಪ್ ಅದನ್ನು ರದ್ದು ಮಾಡಿದರು. ವಾರನ್ ಕೌಂಟಿಯ ಗುಂಡಿಯ ವಿಷ ತೆಗೆಯೋದು ಮುಗಿದಿದ್ದು 2003ರ ಕೊನೆಗೆ, ಹೂತು ಇಪ್ಪತ್ತೊಂದು ವರ್ಷ ಆದ ಮೇಲೆ. ಎಣ್ಣೆ ಹೊರಟ ರಾಲಿಯ ಯಾರ್ಡ್ ಕೂಡ ಅದೇ 2003ರಲ್ಲಿ ಸೂಪರ್‌ಫಂಡ್ ಪಟ್ಟಿ ಸೇರಿತು. ಅಲ್ಲಿಂದ ತೊರೆಗೆ, ತೊರೆಯಿಂದ ಕೆರೆಗೆ ಪಿಸಿಬಿ ಇಳಿದು, ಮೀನು ತಿನ್ನಬೇಡಿ ಅಂತ ಬೋರ್ಡು ಹಾಕಿದರು. ಒಂದು ಯಾರ್ಡ್ ತನ್ನ ಬೇಲಿಯೊಳಗೇ ಇರುತ್ತೆ ಅನ್ನೋರು ಇದನ್ನು ನೋಡಬೇಕು.

ಮತ್ತೆ ನಮ್ಮ ವರದಿಗೆ ಬರ್ತೀನಿ. ‘ಪಕ್ಕದವರನ್ನು ಕೇಳಬೇಕು ಅಂತ ನಿಯಮ ಇಲ್ಲವಾ?’ ಅಂತ ಅಮೆರಿಕದ ಆ 2006ರ ನಿಯಮವನ್ನೇ ತೆಗೆದು ನೋಡಿದೆ. ಇದೆ! ಆದ್ರೆ ಯಾವಾಗ ಗೊತ್ತಾ? ಜಾಗ ಪಾಳುಬಿದ್ದಿದ್ರೆ, ಯಾರು ಬೇಕಾದ್ರೂ ಒಳಗೆ ಹೋಗಿ ಏನು ಬೇಕಾದ್ರೂ ಮಾಡಿರೋ ಗುರುತು ಇದ್ರೆ, ಆಗ ಅಕ್ಕಪಕ್ಕದ ಒಬ್ಬರನ್ನಾದ್ರೂ ಕೇಳಲೇಬೇಕು. ಮಾಲೀಕ ಇದ್ದಾನೆ, ಗೇಟಿಗೆ ವಾಚ್‌ಮನ್ ಇದ್ದಾನೆ ಅಂದ್ರೆ ಕೇಳೋದು ಕಡ್ಡಾಯ ಅಲ್ಲ. ಕೇಳಬಾರದು ಅಂತಲೂ ಇಲ್ಲ, ಅದನ್ನೂ ಹೇಳಿಬಿಡ್ತೀನಿ. ಮಾಲೀಕ ಜೀವಂತ ಇರೋವರೆಗೂ ಜಾಗದ ಸತ್ಯ ಮಾಲೀಕನ ಬಾಯಲ್ಲೇ ಇರುತ್ತೆ ಅಂತ ನಿಯಮ ನಂಬಿದೆ. ಟ್ಯಾಂಕ್ ಹೂತವನನ್ನೇ ಕರೆದು ‘ಟ್ಯಾಂಕ್ ಹೂತಿದ್ದೀಯಾ?’ ಅಂತ ಕೇಳೋದು. ಹೂತಿದ್ದನ್ನು ನೋಡಿದ ದೊಡ್ಡಮ್ಮ ಬೇಲಿಯ ಈಚೆ, ಕಟ್ಟೆ ಮೇಲೆ ಕೂತು ಹುಣಸೆಹಣ್ಣು ಬಿಡಿಸ್ತಾ ಇರ್ತಾರೆ.

ನಮ್ಮ ದೇಶದಲ್ಲಿ? ಜಾಗ ಕೊಳ್ಳೋ ಮೊದಲು ಇಂಥ ತಪಾಸಣೆ ಮಾಡಿಸೋದು ಇಲ್ಲಿ ಹೆಚ್ಚಾಗಿ ಹೊರದೇಶದ ದುಡ್ಡಿನವರ ಪದ್ಧತಿ. ಬಳಸಿದ ಆಯಿಲ್ ನಮ್ಮ ನಿಯಮದ ಪ್ರಕಾರವೂ ಅಪಾಯಕಾರಿ ತ್ಯಾಜ್ಯ, ಪರವಾನಗಿ ಇದ್ದವರಿಗೇ ಕೊಡಬೇಕು. ಬಾಗಿಲಿಗೆ ಬಳಿಯೋಕೆ ನಮಗೆ ಕೊಟ್ಟಿದ್ದು ಯಾವ ನಿಯಮದಲ್ಲಿ? 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆ ಅಂತಲೇ ಹೊಸ ನಿಯಮ ತಂದಿದೆ. ಅನುಮಾನ ಇರೋ ಜಾಗಗಳ ವರದಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು. ಆಮೇಲೆ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ, ಬೇಕಾದ್ರೆ ಅದರ ನಂತರ ವಿವರವಾದ ಸರ್ವೆ. ಕಾಗದದ ಮೇಲೆ ಇದು ನಮಗೆ ಸಿಕ್ಕ ಮೊದಲ ಹಿಡಿ.

ಆದ್ರೆ ಇದರಲ್ಲೂ ಅಮೆರಿಕದ ಪೆಟ್ರೋಲಿಯಂ ಥರ ಒಂದು ಕಿಂಡಿ. ಗಣಿಗಾರಿಕೆಯ ಮಾಲಿನ್ಯಕ್ಕೆ ಬೇರೆ ಕಾನೂನು ಇದೆ ಅಂತ ಈ ನಿಯಮದಿಂದ ಹೊರಗಿಟ್ಟಿದ್ದಾರೆ. ನಮ್ಮ ಜಿಲ್ಲೆಯವರಿಗೆ ಇದು ಚುಚ್ಚುತ್ತೆ. ಕೆಜಿಎಫ್‌ನ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಪಾತಾಳಕ್ಕಿಳಿದು ಚಿನ್ನ ತೆಗೆದವರಲ್ಲಿ ಬಹುಪಾಲು ತಮಿಳು, ತೆಲುಗು ಸೀಮೆಯಿಂದ ಬಂದ ನಮ್ಮ ದಲಿತ ಬಂಧುಗಳೇ. ಚಿನ್ನ ಹೋಯ್ತು, ಸೈನೈಡ್ ಗುಡ್ಡಗಳು ಉಳಿದವು. ಗಾಳಿ ಎದ್ದಾಗ ಆ ಬಿಳಿ ದೂಳು ಕಾಲೊನಿಗಳ ಅಡುಗೆಮನೆಗೆ ಬರುತ್ತೆ.

ಬರೀ ಚರಿತ್ರೆ ಹೇಳಿ ಬಿಡೋಕೆ ಇಷ್ಟು ಬರೆದಿಲ್ಲ. ನಮೂನೆಯಲ್ಲಿ ನಾವು ಬಳಸಬಹುದಾದ ಒಂದು ವಿಷಯ ಇದೆ. ಫೇಸ್ ಒನ್ ವರದಿಯ ಮುಖ್ಯ ಭಾಗಗಳಿಗೆ ಆಯುಷ್ಯ 180 ದಿನ. ಅಷ್ಟರಲ್ಲಿ ಕ್ರಯ ಆಗದಿದ್ದರೆ ಸ್ಥಳ ವೀಕ್ಷಣೆ, ಸಂದರ್ಶನ ಎಲ್ಲ ಹೊಸದಾಗಿ ಮಾಡಿಸಬೇಕು. ಇನ್ನೊಂದು: ಜಾಗದ ಬಗ್ಗೆ ಗೊತ್ತಾದ ಮಾಹಿತಿಯನ್ನು ಕೊಳ್ಳೋನು ಕಡೆಗಣಿಸೋ ಹಾಗಿಲ್ಲ. ಲಿಖಿತವಾಗಿ ಅವನ ಕೈಗೆ ಕೊಟ್ಟ ಮೇಲೆ ‘ನನಗೆ ಗೊತ್ತಿರಲಿಲ್ಲ’ ಅನ್ನೋ ಮಾತು ಅವನಿಗೆ ಸಲೀಸಲ್ಲ. ಅದು ಅಮೆರಿಕದ ಕಾನೂನು, ಇಲ್ಲಿ ನಡೆಯುತ್ತಾ ಅಂತ ನಮ್ಮ ವಕೀಲ ಗೆಳೆಯರು ಕೇಳಿದ್ರು. ಕೋರ್ಟಲ್ಲಿ ನಡೆಯಲಿಕ್ಕಿಲ್ಲ. ಆದ್ರೆ ಆ ದುಡ್ಡಿನವರು ಆ ಕಾಗದಕ್ಕೇ ಹೆದರೋರು, ಅಷ್ಟು ಸಾಕು ಅಂದೆ.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂಬೇಡ್ಕರ್ ಭವನದಲ್ಲಿ ಕೂರ್ತೀವಿ. ಯಾರ್ಡಲ್ಲಿ ಕೆಲಸ ಮಾಡಿದ ಪ್ರತಿಯೊಬ್ಬರೂ ಬನ್ನಿ, ಕೆಲಸ ಬಿಟ್ಟು ಬೆಂಗಳೂರಿಗೆ ಹೋದವರಿಗೂ ಫೋನ್ ಮಾಡಿ. ಯಾವ ವರ್ಷ, ಎಲ್ಲಿ ಟ್ಯಾಂಕ್ ಇತ್ತು, ಎಲ್ಲಿ ಆಯಿಲ್ ಚೆಲ್ತಿದ್ರು, ಯಾವ ಮನೆಯ ಬೋರ್‌ವೆಲ್ ನೀರಿಗೆ ಯಾವಾಗಿಂದ ವಾಸನೆ, ಯಾರಿಗೆ ಏನು ಕಾಯಿಲೆ, ಎಲ್ಲವನ್ನೂ ಬರ್ಕೊಳ್ಳೋಣ. ಬರೆಯೋದು ನನ್ನ ಕೆಲಸ. ಹೇಳಿದವರ ಹೆಸರು ಬೇಡ ಅಂದ್ರೆ ಬರೆಯಲ್ಲ. ಒಂದು ಪ್ರತಿ ಜಿಲ್ಲಾಧಿಕಾರಿಗಳಿಗೆ, ಒಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ, ಒಂದು ಕೊಳ್ಳೋಕೆ ಬಂದಿರೋ ಕಂಪನಿಗೆ. ಮೂರಕ್ಕೂ ಸ್ವೀಕೃತಿ ಸೀಲು ಹಾಕಿಸ್ಕೊಂಡೇ ಬರ್ತೀನಿ.

ದೊಡ್ಡಮ್ಮನಿಗೆ ಹೇಳಿದ್ದೀನಿ. ಹೊಂಗೆ ಮರ ಇದ್ದ ಜಾಗ ತೋರಿಸೋಕೆ ಬೇಲಿವರೆಗೂ ನಡೆದು ಬರ್ತೀನಿ ಅಂದಿದ್ದಾರೆ. ಅವರಿಗೆ ಮೊಣಕಾಲು ನೋವು, ಯಾರಾದ್ರೂ ಒಂದು ಕುರ್ಚಿ ತನ್ನಿ.